ಮುಚ್ಚಿದ ಗೋಡೆ ದಾಟಿದ ವೈರಸ್ಸು

ಹೈದರಾಬಾದಿನ ತಾರ್ನಾಕದಿಂದ ಉಪ್ಪಲ್ ಕಡೆಗೆ ಹೋಗುವ ರಸ್ತೆಯಲ್ಲಿ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ಆವರಣವಿದೆ. ಎಲ್ಲರ ಬಾಯಲ್ಲೂ ಅದು ಐಐಸಿಟಿ. ಅದೇ ರಸ್ತೆಯಲ್ಲಿ ಸಿಸಿಎಂಬಿ ಕೂಡ ಇದೆ, ಅಂದರೆ ಕೋಶೀಯ ಮತ್ತು ಆಣ್ವಿಕ ಜೀವಶಾಸ್ತ್ರ ಕೇಂದ್ರ. ಒಂದು ರಸಾಯನಶಾಸ್ತ್ರದ ಮನೆ, ಇನ್ನೊಂದು ಜೀವಶಾಸ್ತ್ರದ ಮನೆ. ಕಳೆದ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಎಚ್‌ಐವಿ ಎಂಬ ವೈರಸ್ಸಿನ ಕಥೆ ಈ ಊರಿಗೆ ಮೊದಲು ರಸಾಯನಶಾಸ್ತ್ರದ ಬಾಗಿಲಿನಿಂದ ಬಂತು, ಆಮೇಲೆ ಜೀವಶಾಸ್ತ್ರದ ಬಾಗಿಲಿನಿಂದ. ಈಗ ಎರಡೂ ಒಂದೇ ಪ್ರಶ್ನೆಯ ಬಳಿ ಬಂದು ನಿಂತಿವೆ: ಈ ವೈರಸ್ಸಿನಿಂದ ಕಲಿತ ವಿದ್ಯೆ ಯಾರ ಪಾಲಿಗೆ ಔಷಧವಾಗುತ್ತದೆ?

ಕಥೆ ಶುರುವಾಗುವುದು ಒಂದು ಗುಳಿಗೆಯಿಂದ. ಏಡ್ಸ್‌ಗೆ ಅಮೆರಿಕದಲ್ಲಿ ಅನುಮೋದನೆ ಸಿಕ್ಕ ಮೊದಲ ಔಷಧ ಎಝಡ್‌ಟಿ. ಅದು 1987ರ ಮಾತು. ಆರಂಭದಲ್ಲಿ ಅದರ ಖರ್ಚು ಒಬ್ಬ ರೋಗಿಗೆ ವರ್ಷಕ್ಕೆ ಎಂಟರಿಂದ ಹತ್ತು ಸಾವಿರ ಡಾಲರ್. ಭಾರತದಲ್ಲಿ ಎಚ್‌ಐವಿ ಪತ್ತೆಯಾಗಿದ್ದು ಅದಕ್ಕೂ ಒಂದು ವರ್ಷ ಮೊದಲು, 1986ರಲ್ಲಿ, ಮದ್ರಾಸಿನಲ್ಲಿ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಮಾಡಿಸಿದ ರಕ್ತಪರೀಕ್ಷೆಯಿಂದ ಅದು ಬೆಳಕಿಗೆ ಬಂತು. ಮುಂದಿನ ಹದಿನೈದು ವರ್ಷಗಳಲ್ಲಿ ಆಂಧ್ರಪ್ರದೇಶ, ಕರ್ನಾಟಕ, ತಮಿಳುನಾಡು, ಮಹಾರಾಷ್ಟ್ರಗಳು ಸೋಂಕು ಹೆಚ್ಚಿದ್ದ ರಾಜ್ಯಗಳ ಪಟ್ಟಿಯಲ್ಲಿ ಸೇರಿದವು. ಬಾಗಲಕೋಟೆ, ಬೆಳಗಾವಿ ಕಡೆಯ ಹಳ್ಳಿಗಳಿಗೂ ಅದು ಮುಟ್ಟಿತು. ವರ್ಷಕ್ಕೆ ಸಾವಿರಾರು ಡಾಲರ್ ಬೆಲೆಯ ಔಷಧ ಈ ಊರುಗಳಿಗೆ ಇದ್ದೂ ಇಲ್ಲದಂತೆ.

ಐಐಸಿಟಿಯಲ್ಲಿ ಆಗ ಎ.ವಿ. ರಾಮರಾವ್ ನಿರ್ದೇಶಕರು. ಅವರ ತಂಡ ಎಝಡ್‌ಟಿಯನ್ನು ಬೇರೆ ದಾರಿಯಿಂದ ತಯಾರಿಸುವ ವಿಧಾನ ಕಂಡುಹಿಡಿಯಿತು. ಆ ತಂತ್ರ ಮುಂಬೈಯ ಸಿಪ್ಲಾ ಕಂಪನಿಗೆ ಹೋಯಿತು. 1993ರಲ್ಲಿ ಸಿಪ್ಲಾ ಅದನ್ನು ವಿದೇಶಿ ಬೆಲೆಯ ಒಂದು ಸಣ್ಣ ಪಾಲಿಗೆ ಮಾರುಕಟ್ಟೆಗೆ ತಂದಿತು. ಇದು ಸಾಧ್ಯವಾದದ್ದು ರಸಾಯನಶಾಸ್ತ್ರಜ್ಞರ ಜಾಣತನದಿಂದ ಮಾತ್ರವಲ್ಲ. 1970ರ ಪೇಟೆಂಟ್ ಕಾಯ್ದೆ ಔಷಧವೆಂಬ ವಸ್ತುವಿಗೆ ಪೇಟೆಂಟ್ ಕೊಡುತ್ತಿರಲಿಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಕೊಡುತ್ತಿತ್ತು. ದಾರಿ ಬೇರೆಯಾದರೆ ವಸ್ತು ನಿನ್ನದೇ. ಸೋವಿಯತ್ ನೆರವಿನಿಂದ ಹೈದರಾಬಾದಿನಲ್ಲಿ ಕಟ್ಟಿದ್ದ ಐಡಿಪಿಎಲ್ ಕಾರ್ಖಾನೆ, ಅಲ್ಲಿ ಪಳಗಿ ಹೊರಬಂದು 1984ರಲ್ಲಿ ಸ್ವಂತ ಕಂಪನಿ ಕಟ್ಟಿದ ಕೆ. ಅಂಜಿ ರೆಡ್ಡಿಯಂಥವರು, ಈ ಕಾಯ್ದೆ, ಈ ಸಂಶೋಧನಾಲಯಗಳು ಎಲ್ಲ ಸೇರಿ ಈ ಊರು ದೇಶದ ಔಷಧ ಕಣಜವಾಯಿತು. ಅದಕ್ಕೆ ಪಟಾನ್‌ಚೆರು ಸುತ್ತಲಿನ ಕೆರೆಗಳು ತೆತ್ತ ಬೆಲೆ ಬೇರೆ ಲೆಕ್ಕ.

ಹಿಮ್ಮುಖ ಬರಹ

ಎಝಡ್‌ಟಿ ಏನನ್ನು ತಡೆಯುತ್ತದೆ ಎಂದು ತಿಳಿದರೆ ಮುಂದಿನ ಕಥೆ ಸುಲಭ. ಜೀವಕೋಶದಲ್ಲಿ ಮಾಹಿತಿ ಹರಿಯುವ ದಾರಿಗೆ ಜೀವಶಾಸ್ತ್ರಜ್ಞರು ಬರಹದ ಲೋಕದಿಂದಲೇ ಹೆಸರುಗಳನ್ನು ತಂದುಕೊಂಡಿದ್ದಾರೆ. ಡಿಎನ್‌ಎಯಲ್ಲಿರುವುದನ್ನು ಆರ್‌ಎನ್‌ಎಗೆ ಇಳಿಸಿಕೊಳ್ಳುವುದು ಲಿಪ್ಯಂತರ. ಆರ್‌ಎನ್‌ಎಯಲ್ಲಿರುವುದನ್ನು ಪ್ರೋಟೀನಿನ ಭಾಷೆಗೆ ತರುವುದು ಅನುವಾದ. ನಕಲು ತೆಗೆಯುವುದು ಮೂಲದಿಂದ ಪ್ರತಿಗೆ, ಪ್ರತಿಯಿಂದ ಮೂಲಕ್ಕೆ ಅಲ್ಲ ಎಂದೇ ಎಲ್ಲರೂ ನಂಬಿದ್ದರು. 1970ರಲ್ಲಿ ಹೋವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್, ಬೇರೆ ಬೇರೆ ಪ್ರಯೋಗಾಲಯಗಳಲ್ಲಿ, ಕೆಲವು ವೈರಸ್ಸುಗಳು ಆರ್‌ಎನ್‌ಎಯಿಂದ ಡಿಎನ್‌ಎ ಬರೆಯುತ್ತವೆ ಎಂದು ತೋರಿಸಿದರು. 1975ರಲ್ಲಿ ರೆನಾಟೊ ಡುಲ್ಬೆಕೊ ಜೊತೆಗೆ ಇಬ್ಬರಿಗೂ ನೊಬೆಲ್ ಬಂತು. ಹೀಗೆ ಹಿಮ್ಮುಖವಾಗಿ ಬರೆಯುವ ವೈರಸ್ಸುಗಳೇ ರೆಟ್ರೊವೈರಸ್ಸುಗಳು. ಬರೆಯುವ ಕಿಣ್ವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್.

ಬರೆದು ಮುಗಿಸಿದ ಮೇಲೆ ಈ ವೈರಸ್ಸು ಇನ್ನೊಂದು ಕೆಲಸ ಮಾಡುತ್ತದೆ. ತನ್ನ ಡಿಎನ್‌ಎಯನ್ನು ನಮ್ಮ ವರ್ಣತಂತುವಿನ ನಡುವೆ ಹೊಲಿದುಬಿಡುತ್ತದೆ. ಆ ಮೇಲೆ ಆ ಕೋಶ ಇರುವಷ್ಟು ಕಾಲ, ಅದರ ಮರಿಕೋಶಗಳು ಇರುವಷ್ಟು ಕಾಲ, ಆ ಹೊಲಿಗೆ ಬಿಚ್ಚುವುದಿಲ್ಲ. ಎಝಡ್‌ಟಿ ತಡೆಯುವುದು ಇದಕ್ಕೂ ಹಿಂದಿನ ಹಂತವನ್ನು. ಅದು ನೋಡಲು ಡಿಎನ್‌ಎಯ ಒಂದು ಅಕ್ಷರದಂತೆಯೇ ಇರುವ ಹುಸಿ ಅಕ್ಷರ. ಕಿಣ್ವ ಅದನ್ನು ನಿಜವೆಂದು ನಂಬಿ ಸಾಲಿಗೆ ಸೇರಿಸುತ್ತದೆ. ಅದರ ಮುಂದೆ ಇನ್ನೊಂದು ಅಕ್ಷರ ಕೂಡಲು ಕೊಂಡಿಯೇ ಇಲ್ಲ. ವಾಕ್ಯ ಅಲ್ಲಿಗೇ ನಿಲ್ಲುತ್ತದೆ.

ಆದರೆ ಕಳಚಲಾಗದ ಹೊಲಿಗೆ ಹಾಕುವ ಈ ಕಲೆ ವೈದ್ಯರ ಕಣ್ಣಿಗೆ ಬೇರೆಯೇ ರೀತಿ ಕಂಡಿತು. ಹುಟ್ಟಿನಿಂದಲೇ ಒಂದು ಜೀನ್ ಕೆಟ್ಟಿರುವ ಮಗುವಿಗೆ ಸರಿಯಾದ ಜೀನನ್ನು ಹೀಗೆ ಹೊಲಿದುಕೊಟ್ಟರೆ? 1983ರಲ್ಲಿ ರಿಚರ್ಡ್ ಮಲ್ಲಿಗನ್, ಬಾಲ್ಟಿಮೋರ್ ಮತ್ತು ಸಂಗಡಿಗರು ಇಲಿಯ ಲ್ಯುಕೇಮಿಯಾ ವೈರಸ್ಸನ್ನು ಇಬ್ಭಾಗ ಮಾಡಿ ತೋರಿಸಿದರು. ವೈರಸ್ಸಿನ ಕವಚ ಕಟ್ಟುವ ಜೀನುಗಳು ಒಂದು ಕಡೆ. ಆ ಕವಚದೊಳಗೆ ತುಂಬಬೇಕಾದ ಸರಕು ಇನ್ನೊಂದು ಕಡೆ. 'ನನ್ನನ್ನು ಒಳಗೆ ತುಂಬು' ಎಂದು ಹೇಳುವ ಗುರುತು ಸರಕಿಗೆ ಮಾತ್ರ. ಹೀಗೆ ಹುಟ್ಟಿದ ವೈರಸ್ಸು ಒಂದು ಸಲ ಕೋಶದೊಳಗೆ ಹೋಗಿ ಸರಕು ಇಳಿಸುತ್ತದೆ, ಮತ್ತೆ ತನ್ನಂಥದ್ದನ್ನು ಹುಟ್ಟಿಸಲಾರದು. ಲಾರಿ ಹೋಗುತ್ತದೆ, ಕಾರ್ಖಾನೆ ಹೋಗುವುದಿಲ್ಲ. ಇದಕ್ಕೆ ವಾಹಕ ಎಂದು ಹೆಸರು. 1990ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗಿಗೆ ಮೊದಲ ಅನುಮೋದಿತ ಜೀನ್ ಚಿಕಿತ್ಸೆ ನಡೆದದ್ದು ಇಂಥದೇ ವಾಹಕದಿಂದ.

ಗೋಡೆಯ ತೊಂದರೆ

ಇಲಿಯ ವೈರಸ್ಸಿಗೆ ಒಂದು ದೊಡ್ಡ ಕೊರತೆ ಇತ್ತು. ನಮ್ಮ ವರ್ಣತಂತುಗಳು ಇರುವುದು ಕೋಶಕೇಂದ್ರದಲ್ಲಿ, ಅದರ ಸುತ್ತ ಎರಡು ಪೊರೆಗಳ ಗೋಡೆ. ಕೋಶ ಎರಡಾಗಿ ಒಡೆಯುವಾಗ ಮಾತ್ರ ಈ ಗೋಡೆ ಕೆಲವು ಹೊತ್ತು ಕರಗುತ್ತದೆ. ಇಲಿಯ ವೈರಸ್ಸು ಹೊರಗೆ ಕಾಯುತ್ತದೆ, ಗೋಡೆ ಬಿದ್ದಾಗ ಒಳಗೆ ನುಗ್ಗುತ್ತದೆ. ಕೋಶ ಒಡೆಯದೇ ಇದ್ದರೆ ಅದರ ಕೆಲಸ ಅಲ್ಲಿಗೇ ನಿಂತಿತು. ವಾಹಕಗಳಿಗೆ ಈ ಮಿತಿ ಇದೆಯೆಂದು 1990ರಲ್ಲಿ ಸ್ಪಷ್ಟವಾಯಿತು. 1993ರಲ್ಲಿ ಪ್ಯಾಟ್ರಿಕ್ ಬ್ರೌನ್ ಅವರ ತಂಡ ಇದಕ್ಕೆ ಕಾರಣ ತೋರಿಸಿತು: ಕೋಶ ವಿಭಜನೆಯಾಗದೆ ಇಲಿಯ ವೈರಸ್ಸಿನ ಡಿಎನ್‌ಎ ವರ್ಣತಂತುವನ್ನು ಸೇರುವುದೇ ಇಲ್ಲ.

ಇದು ಸಣ್ಣ ಅಡ್ಡಿಯಲ್ಲ. ಮಿದುಳಿನ ನರಕೋಶ ಒಡೆಯುವುದಿಲ್ಲ. ಕಣ್ಣಿನ ಬೆಳಕು ಹಿಡಿಯುವ ಕೋಶ ಒಡೆಯುವುದಿಲ್ಲ. ಮೂಳೆಯ ಮಜ್ಜೆಯಲ್ಲಿ ಕೂತು ಬದುಕಿನುದ್ದಕ್ಕೂ ರಕ್ತ ಹುಟ್ಟಿಸುವ ಕಾಂಡಕೋಶಗಳು ಬಹುಪಾಲು ಹೊತ್ತು ವಿರಾಮದಲ್ಲೇ ಇರುತ್ತವೆ. ಯಾವ ಕೋಶಗಳನ್ನು ಸರಿಪಡಿಸಿದರೆ ರೋಗಿ ಜೀವಮಾನವಿಡೀ ಚೆನ್ನಾಗಿರಬಲ್ಲನೋ ಅವೇ ಕೋಶಗಳಿಗೆ ಗೋಡೆ ಗಟ್ಟಿ.

ಎಚ್‌ಐವಿಗೆ ಈ ಕಷ್ಟ ಇರಲಿಲ್ಲ. ಅದು ಲೆಂಟಿವೈರಸ್ ಎಂಬ ಒಳಗುಂಪಿಗೆ ಸೇರಿದ್ದು. ಲ್ಯಾಟಿನ್ನಿನ 'ಲೆಂಟಸ್' ಎಂದರೆ ನಿಧಾನ. ಈ ಹೆಸರಿನ ಹಿಂದೆ ಐಸ್‌ಲೆಂಡಿನ ಕುರಿಗಳಿವೆ. ಅಲ್ಲಿನ ಬಿಯೋರ್ನ್ ಸಿಗುರ್ದ್ಸನ್ 1954ರಲ್ಲಿ ಕುರಿಗಳ ರೋಗಗಳನ್ನು ನೋಡಿ 'ನಿಧಾನ ಸೋಂಕು' ಎಂಬ ಕಲ್ಪನೆ ಮುಂದಿಟ್ಟರು. ಅವುಗಳಲ್ಲಿ ಒಂದರ ಹೆಸರು ವಿಸ್ನಾ, ಐಸ್‌ಲೆಂಡಿಕ್‌ನಲ್ಲಿ ಬಾಡುವುದು, ಸೊರಗುವುದು ಎಂದರ್ಥ. ಈ ನಿಧಾನದ ವೈರಸ್ಸುಗಳು ಮ್ಯಾಕ್ರೊಫೇಜ್‌ನಂಥ, ಒಡೆಯದೇ ಇರುವ ಕೋಶಗಳಲ್ಲೂ ಮನೆ ಮಾಡುತ್ತವೆ. 1992 ಮತ್ತು 1994ರಲ್ಲಿ ಮೈಕೆಲ್ ಎಮರ್ಮನ್ ಮತ್ತು ಪಾಲ್ ಲೂಯಿಸ್ ಇದನ್ನು ನೇರ ಪ್ರಯೋಗದಿಂದ ತೋರಿಸಿದರು. ವಿಭಜನೆ ನಿಲ್ಲಿಸಿದ ಕೋಶಕ್ಕೆ ಇಲಿಯ ವೈರಸ್ಸು ಸೋಂಕು ಹಚ್ಚಲಿಲ್ಲ, ಎಚ್‌ಐವಿ ಹಚ್ಚಿತು. ಗೋಡೆ ನಿಂತಿರುವಾಗಲೇ ಅದು ಒಳಗೆ ಹೋಗುತ್ತಿತ್ತು.

ಮುಳ್ಳನ್ನು ಮುಳ್ಳಿನಿಂದ

1996ರ ಏಪ್ರಿಲಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ನಡೆದ ಕೆಲಸ. ಮೊದಲ ಹೆಸರು ಇಟಲಿಯ ಲೂಯಿಜಿ ನಾಲ್ದಿನಿಯದು. ಹಿರಿಯರಲ್ಲಿ ಡಿಡಿಯೆ ತ್ರೋನೊ, ಫ್ರೆಡ್ ಗೇಜ್, ಮತ್ತು ಪಂಜಾಬಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಇಂದರ್ ವರ್ಮಾ. ಇವರು ಎಚ್‌ಐವಿಯನ್ನೇ ವಾಹಕವಾಗಿ ಮಾಡಿ ವಯಸ್ಕ ಇಲಿಗಳ ಮಿದುಳಿಗೆ ಚುಚ್ಚಿದರು. ಒಡೆಯದ ನರಕೋಶಗಳಲ್ಲಿ ಹೊಸ ಜೀನ್ ಕೆಲಸ ಶುರುಮಾಡಿತು, ನಿಲ್ಲಲಿಲ್ಲ.

ಏಡ್ಸ್‌ನಿಂದ ಜನ ಸಾಯುತ್ತಿದ್ದ ಕಾಲದಲ್ಲಿ ಆ ವೈರಸ್ಸನ್ನೇ ಚಿಕಿತ್ಸೆಗೆ ಬಳಸುವ ಮಾತು ಎಷ್ಟೋ ಜನರಿಗೆ ಹುಚ್ಚಾಟವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಮುಳ್ಳನ್ನು ಮುಳ್ಳಿನಿಂದ ತೆಗೆಯಬೇಕು ಎನ್ನುವುದು ಸರಿ, ಆದರೆ ಆ ಮುಳ್ಳು ಒಳಗೇ ಮುರಿದುಕೊಂಡರೆ? ಮುಂದಿನ ಎರಡು ವರ್ಷದ ಎಂಜಿನಿಯರಿಂಗ್ ಎಲ್ಲ ಈ ಭಯಕ್ಕೆ ಕೊಟ್ಟ ಉತ್ತರ.

ಎಚ್‌ಐವಿಯಲ್ಲಿ ಒಂಬತ್ತು ಜೀನುಗಳಿವೆ. ಮೊದಲು ಅದರ ಹೊರಕವಚದ ಜೀನನ್ನು ತೆಗೆದರು. ಆ ಜಾಗಕ್ಕೆ ಜಾನುವಾರುಗಳಿಗೆ ಬಾಯಿಹುಣ್ಣು ತರುವ ವೆಸಿಕ್ಯುಲರ್ ಸ್ಟೊಮಟೈಟಿಸ್ ಎಂಬ ವೈರಸ್ಸಿನ ಹೊದಿಕೆ ಹಾಕಿದರು. ಆ ಹೊದಿಕೆ ಬಹುತೇಕ ಎಲ್ಲ ಬಗೆಯ ಕೋಶಕ್ಕೂ ಅಂಟುತ್ತದೆ. (ತೆಲಂಗಾಣದವರಿಗೆ ಈ ವೈರಸ್ಸಿನ ದಾಯಾದಿ ಚೆನ್ನಾಗಿ ಗೊತ್ತು. ನಾಗಪುರದ ಹತ್ತಿರದ ಹಳ್ಳಿಯೊಂದರ ಹೆಸರು ಹೊತ್ತ ಚಾಂದಿಪುರ ವೈರಸ್ಸು ಅದೇ ಕುಲದ್ದು. 2003ರಲ್ಲಿ ಆಗಿನ ಆಂಧ್ರಪ್ರದೇಶದಲ್ಲಿ 329 ಮಕ್ಕಳು ಮಿದುಳುಜ್ವರಕ್ಕೆ ತುತ್ತಾದಾಗ, 183 ಮಕ್ಕಳು ತೀರಿಕೊಂಡಾಗ, ಕಾರಣವಾಗಿ ಸಿಕ್ಕಿದ್ದು ಅದೇ.) 1997ರಲ್ಲಿ ವಿಫ್, ವಿಪಿಆರ್, ವಿಪಿಯು, ನೆಫ್ ಎಂಬ ನಾಲ್ಕು ಜೀನುಗಳನ್ನು ಕಿತ್ತರು. ವಾಹಕಕ್ಕೆ ಏನೂ ಆಗಲಿಲ್ಲ, ಅದು ಇನ್ನೂ ಗೋಡೆ ದಾಟುತ್ತಿತ್ತು. 1998ರಲ್ಲಿ ಟ್ಯಾಟ್ ಕೂಡ ಹೋಯಿತು, ರೆವ್ ಬೇರೆ ತುಣುಕಾಯಿತು. ಒಂಬತ್ತರಲ್ಲಿ ಉಳಿದದ್ದು ಮೂರು, ಅವೂ ಒಂದೇ ತುಣುಕಿನಲ್ಲಿಲ್ಲ. ಒಟ್ಟು ನಾಲ್ಕು ಡಿಎನ್‌ಎ ಉಂಗುರಗಳನ್ನು ಒಟ್ಟಿಗೆ ಒಂದು ಕೋಶಕ್ಕೆ ಹಾಕಿದರೆ ಮಾತ್ರ ವಾಹಕ ತಯಾರಾಗುತ್ತದೆ. ಅವು ತಾವಾಗಿ ಕೂಡಿ ಮತ್ತೆ ವೈರಸ್ಸಾಗುವ ಸಂಭವವನ್ನು ಹೀಗೆ ಕುಗ್ಗಿಸಿದರು. ಅದೇ ವರ್ಷ ಇನ್ನೊಂದು ಬೀಗ ಬಿತ್ತು: ಹೊಲಿದುಕೊಂಡ ಕ್ಷಣದಿಂದ ವೈರಸ್ಸಿನ ತುದಿಯ ಸ್ವಿಚ್ಚು ತಾನೇ ಆರಿಹೋಗುವ ಹಾಗೆ ಅದರ ಒಂದು ಭಾಗವನ್ನು ಅಳಿಸಿದರು.

ಈ ಸ್ವಿಚ್ಚಿನ ಮಹತ್ವ ತಿಳಿದದ್ದು ನೋವಿನಿಂದ. ಪ್ಯಾರಿಸ್ ಮತ್ತು ಲಂಡನ್ನಿನಲ್ಲಿ ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ 20 ಮಕ್ಕಳಿಗೆ ಇಲಿಯ ವೈರಸ್ಸಿನ ವಾಹಕದಿಂದ ಚಿಕಿತ್ಸೆ ಮಾಡಿದರು. ಮಕ್ಕಳು ಚೇತರಿಸಿಕೊಂಡರು. ಆಮೇಲೆ ಐವರಿಗೆ ಲ್ಯುಕೇಮಿಯಾ ಬಂತು, ಒಂದು ಮಗು ಉಳಿಯಲಿಲ್ಲ. ಇಲಿಯ ವೈರಸ್ಸು ಜೀನುಗಳ ಆರಂಭದ ಹತ್ತಿರವೇ ಹೊಲಿದುಕೊಳ್ಳಲು ಇಷ್ಟಪಡುತ್ತದೆ, ಜೊತೆಗೆ ಅದರ ಬಲವಾದ ಸ್ವಿಚ್ಚು ಪಕ್ಕದ ಕ್ಯಾನ್ಸರ್ ಜೀನನ್ನು ಎಬ್ಬಿಸಿತ್ತು. ಲೆಂಟಿವೈರಸ್ ಹೊಲಿಯುವುದು ಹೆಚ್ಚಾಗಿ ಜೀನಿನ ಒಡಲಲ್ಲಿ, ಸ್ವಿಚ್ಚು ಆರಿದ್ದರೆ ಅಪಾಯ ಇನ್ನೂ ಕಡಿಮೆ. ಕಡಿಮೆ ಎಂದರೆ ಇಲ್ಲವೆಂದಲ್ಲ. ಮಿದುಳಿನ ಒಂದು ಆನುವಂಶಿಕ ರೋಗಕ್ಕೆ ಲೆಂಟಿವೈರಸ್ ವಾಹಕದಿಂದ ಚಿಕಿತ್ಸೆ ಪಡೆದ 67 ಮಕ್ಕಳಲ್ಲಿ ಏಳು ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬಂದದ್ದು 2024ರಲ್ಲಿ ವರದಿಯಾಯಿತು. ಆ ವಾಹಕದೊಳಗೆ ಹಾಕಿದ್ದ ಬೇರೊಂದು ಬಲವಾದ ಸ್ವಿಚ್ಚಿನ ಮೇಲೇ ಅನುಮಾನ.

ಮನುಷ್ಯರ ಮೇಲೆ ಲೆಂಟಿವೈರಸ್ ವಾಹಕದ ಮೊದಲ ಪ್ರಯೋಗ 2003ರಲ್ಲಿ ಶುರುವಾದದ್ದು ಯಾರ ಮೇಲೆ ಎಂಬುದು ಗಮನಿಸಬೇಕಾದ ಸಂಗತಿ: ಎಚ್‌ಐವಿ ಇದ್ದ ಐದು ಜನರ ಮೇಲೆ. ಅವರದೇ ರಕ್ತಕೋಶಗಳಿಗೆ, ಎಚ್‌ಐವಿಯಿಂದಲೇ ಮಾಡಿದ ವಾಹಕದಲ್ಲಿ, ಎಚ್‌ಐವಿಯನ್ನು ತಡೆಯುವ ಸರಕು ಕಳಿಸಿದ್ದರು.

ಕೀಲಿ ಯಾವುದು?

ವಾಹಕ ಕೆಲಸ ಮಾಡುತ್ತಿತ್ತು. ಅದು ಗೋಡೆಯನ್ನು ಹೇಗೆ ದಾಟುತ್ತದೆ ಎಂಬುದು ಮಾತ್ರ ಬಗೆಹರಿದಿರಲಿಲ್ಲ. ಕೋಶಕೇಂದ್ರದ ಗೋಡೆಯಲ್ಲಿ ಸಣ್ಣ ದ್ವಾರಗಳಿವೆ. ಒಳಗೆ ಹೋಗಬೇಕಾದ ದೊಡ್ಡ ಪ್ರೋಟೀನಿನ ಮೇಲೆ ಒಂದು ಗುರುತು ಇರಬೇಕು. ಆ ಗುರುತನ್ನು ಇಂಪೋರ್ಟಿನ್ ಎಂಬ ದ್ವಾರಪಾಲಕ ಪ್ರೋಟೀನುಗಳು ಹಿಡಿದು ಒಳಗೆ ಕರೆದೊಯ್ಯುತ್ತವೆ. ಹಾಗಾದರೆ ವೈರಸ್ಸಿನ ಯಾವುದೋ ಪ್ರೋಟೀನಿನ ಮೇಲೆ ಅಂಥ ಗುರುತು ಇರಬೇಕು ಎಂದು ಎಲ್ಲರೂ ಹುಡುಕತೊಡಗಿದರು. ಮ್ಯಾಟ್ರಿಕ್ಸ್ ಪ್ರೋಟೀನು ಎಂದರು ಕೆಲವರು. ವಿಪಿಆರ್ ಎಂದರು, ಹೊಲಿಗೆ ಹಾಕುವ ಇಂಟಿಗ್ರೇಸ್ ಎಂದರು. ವೈರಸ್ಸಿನ ಡಿಎನ್‌ಎ ನಡುವೆ ಮೂರನೆಯ ಎಳೆಯೊಂದು ಮಡಚಿಕೊಂಡಿರುತ್ತದೆ, ಅದೇ ಕೀಲಿ ಎಂದು 2000ದಲ್ಲಿ ಪ್ಯಾರಿಸ್ಸಿನ ಒಂದು ತಂಡ ಹೇಳಿತು.

ಈ ಹುಡುಕಾಟಕ್ಕೆ ಹೈದರಾಬಾದಿನಿಂದಲೂ ಒಂದು ಕೈ ಸೇರಿತು. ಇಲ್ಲಿನ ಸಿಡಿಎಫ್‌ಡಿ ಹೆಚ್ಚು ಜನರಿಗೆ ಗೊತ್ತಿರುವುದು ಡಿಎನ್‌ಎ ಬೆರಳಚ್ಚಿನ ಸಂಸ್ಥೆಯಾಗಿ, ನ್ಯಾಯಾಲಯದ ಸುದ್ದಿಗಳಲ್ಲಿ. ಅಲ್ಲಿ ಎಸ್. ಮಹಾಲಿಂಗಂ ಅವರ ವೈರಾಣು ಪ್ರಯೋಗಾಲಯವೂ ಇತ್ತು. ಅವರ ತಂಡ ಆರಿಸಿಕೊಂಡದ್ದು ವಿಪಿಎಕ್ಸ್ ಎಂಬ ಪ್ರೋಟೀನನ್ನು. ಇದು ಎಚ್‌ಐವಿ-1ರಲ್ಲಿ ಇಲ್ಲ, ಎಚ್‌ಐವಿ-2ರಲ್ಲಿ ಮತ್ತು ಮಂಗಗಳ ಎಸ್‌ಐವಿಯಲ್ಲಿ ಇದೆ. ಇದು ಇಲ್ಲದಿದ್ದರೆ ಆ ವೈರಸ್ಸುಗಳು ಒಡೆಯದ ಮ್ಯಾಕ್ರೊಫೇಜ್‌ಗಳಲ್ಲಿ ಸೋಲುತ್ತವೆ. ಹಾಗಾಗಿ ಗೋಡೆ ದಾಟಿಸುವುದು ಇದೇ ಇರಬಹುದೆಂಬ ಊಹೆ ಸಹಜವಾಗಿತ್ತು. 2006ರಲ್ಲಿ 'ಜರ್ನಲ್ ಆಫ್ ವೈರಾಲಜಿ'ಯಲ್ಲಿ ಈ ತಂಡ ತೋರಿಸಿದ್ದು ಇದು: ವಿಪಿಎಕ್ಸ್ ಕೋಶಕೇಂದ್ರದೊಳಕ್ಕೆ ಹೋಗಲು ಒಂದಲ್ಲ ಎರಡು ದಾರಿ ಬಳಸುತ್ತದೆ, ಇಂಪೋರ್ಟಿನ್ ಆಲ್ಫಾದ ಕೈಹಿಡಿದು ಒಂದು, ಅದಿಲ್ಲದೆ ಇನ್ನೊಂದು. ಅದೇ ವರ್ಷದ ಇನ್ನೊಂದು ಲೇಖನದಲ್ಲಿ ಅದು ಒಳಗಿನಿಂದ ಹೊರಗೂ ಬರುತ್ತದೆ ಎಂದು ತೋರಿಸಿದರು.

ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಊಹೆಯ ಕಥೆ ಬೇರೆ ಕಡೆ ತಿರುಗಿತು. 2011ರಲ್ಲಿ ಎರಡು ತಂಡಗಳು ವಿಪಿಎಕ್ಸ್‌ನ ಮುಖ್ಯ ಕಸುಬು ಬೇರೆಯೇ ಎಂದು ಕಂಡುಕೊಂಡವು. ಮ್ಯಾಕ್ರೊಫೇಜ್‌ನಂಥ ಕೋಶಗಳಲ್ಲಿ ಸ್ಯಾಮ್‌ಎಚ್‌ಡಿ1 ಎಂಬ ಕಾವಲುಗಾರ ಪ್ರೋಟೀನು ಇರುತ್ತದೆ. ಅದು ಡಿಎನ್‌ಎ ಬರೆಯಲು ಬೇಕಾದ ಅಕ್ಷರಗಳನ್ನೇ ಕೋಶದಲ್ಲಿ ಬರಿದು ಮಾಡುತ್ತದೆ. ಹಿಮ್ಮುಖ ಬರಹಗಾರ ಬಂದರೂ ಅಚ್ಚಿನ ಮೊಳೆ ಇಲ್ಲ. ವಿಪಿಎಕ್ಸ್ ಮಾಡುವುದು ಈ ಕಾವಲುಗಾರನನ್ನು ಕೋಶದ ಕಸದಬುಟ್ಟಿಗೆ ತಳ್ಳುವ ಕೆಲಸ. ಸ್ಯಾಮ್‌ಎಚ್‌ಡಿ1 ಇರುವುದು ಹೆಚ್ಚಾಗಿ ಕೋಶಕೇಂದ್ರದಲ್ಲೇ. ಹಾಗಾಗಿ ವಿಪಿಎಕ್ಸ್ ಅಲ್ಲಿಗೆ ಹೇಗೆ ಹೋಗುತ್ತದೆ ಎಂದು ಹೈದರಾಬಾದಿನಲ್ಲಿ ಕಂಡುಕೊಂಡದ್ದು ವ್ಯರ್ಥವಾಗಲಿಲ್ಲ, ಅದರ ಅರ್ಥ ಮಾತ್ರ ಬದಲಾಯಿತು. ಒಡೆಯದ ಕೋಶಕ್ಕೆ ಗೋಡೆ ಒಂದೇ ಅಡ್ಡಿಯಲ್ಲ, ಬರವೂ ಒಂದು ಅಡ್ಡಿ ಎಂಬುದು ಇದರಿಂದ ತಿಳಿಯಿತು. ವಾಹಕದ ಜೊತೆಗೆ ವಿಪಿಎಕ್ಸ್ ಸೇರಿಸಿ ಕಳಿಸಿದರೆ ಮೊದಲು ಬಗ್ಗದಿದ್ದ ರೋಗನಿರೋಧಕ ಕೋಶಗಳು ಬಗ್ಗುತ್ತವೆ.

ಹಾಗಾದರೆ ಗೋಡೆಯ ಕೀಲಿ? ಎಮರ್ಮನ್ ಮತ್ತು ಮಸಾಹಿರೊ ಯಮಾಶಿತಾ 2004ರಲ್ಲಿ ಒಂದು ಸರಳ ಅದಲುಬದಲು ಮಾಡಿದರು. ಎಚ್‌ಐವಿಯ ಒಳಚಿಪ್ಪನ್ನು ತೆಗೆದು ಇಲಿಯ ವೈರಸ್ಸಿನ ಚಿಪ್ಪು ಹಾಕಿದರು. ಎಚ್‌ಐವಿ ಒಡೆಯದ ಕೋಶದಲ್ಲಿ ಸೋತಿತು. ಉಳಿದ ಎಲ್ಲ ಗುರುತುಗಳೂ ಇದ್ದವು, ಪ್ರಯೋಜನವಾಗಲಿಲ್ಲ. ಕೀಲಿ ಯಾವುದೋ ಪ್ರೋಟೀನಿನ ಮೇಲಿನ ಚೀಟಿಯಲ್ಲ, ಕ್ಯಾಪ್ಸಿಡ್ ಎಂಬ ಆ ಚಿಪ್ಪೇ. ಸುಮಾರು 1,500 ಪ್ರೋಟೀನುಗಳು ಸೇರಿ ಕಟ್ಟಿದ ಶಂಕುವಿನಾಕಾರದ ಗೂಡು ಅದು. ಅಗಲ ಸುಮಾರು 60 ನ್ಯಾನೊಮೀಟರ್. ದ್ವಾರದ ಅಗಲ 40 ಎಂದು ಬಹಳ ಕಾಲ ನಂಬಿದ್ದರಿಂದ ಚಿಪ್ಪು ಹೊರಗೇ ಒಡೆಯಬೇಕು ಎಂದುಕೊಂಡಿದ್ದರು. 2021ರಲ್ಲಿ ಸೋಂಕಿತ ಕೋಶವನ್ನು ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಜೀವಂತ ಕೋಶದ ದ್ವಾರ ಇನ್ನೂ ಅಗಲ ಎಂದು ಗೊತ್ತಾಯಿತು. ಚಿಪ್ಪು ಇಡಿಯಾಗಿಯೇ ಅದರೊಳಗೆ ಹಾಯುತ್ತಿತ್ತು. 2024ರ ಪ್ರಯೋಗಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು: ಚಿಪ್ಪಿನ ಮೈಯೇ ದ್ವಾರಪಾಲಕ ಪ್ರೋಟೀನಿನ ಮೈಯಂತೆ ವರ್ತಿಸುತ್ತದೆ. ದ್ವಾರಪಾಲಕನ ನೆರವು ಪಡೆದು ಅಲ್ಲ, ದ್ವಾರಪಾಲಕನ ವೇಷದಲ್ಲಿ ಅದು ಒಳಹೋಗುತ್ತದೆ.

ಅದೇ ಊರು, ಎರಡನೆಯ ಔಷಧ

ಚಿಪ್ಪು ಇಷ್ಟು ಮುಖ್ಯವೆಂದರೆ ಚಿಪ್ಪನ್ನೇ ಹಿಡಿದರೆ? ಅಮೆರಿಕದ ಗಿಲಿಯಡ್ ಕಂಪನಿಯ ಲೆನಕಾಪವಿರ್ ಎಂಬ ಔಷಧ ಅದನ್ನೇ ಮಾಡುತ್ತದೆ. ಕ್ಯಾಪ್ಸಿಡ್‌ನ ಪ್ರೋಟೀನುಗಳ ಸಂದಿಯಲ್ಲಿ ಕೂತು ಅದನ್ನು ಬಿಗಿದುಬಿಡುತ್ತದೆ. ವೇಷ ಕೆಡುತ್ತದೆ, ದ್ವಾರ ದಾಟುವುದಾಗಲಿ ಹೊಸ ಚಿಪ್ಪು ಕಟ್ಟುವುದಾಗಲಿ ನಡೆಯುವುದಿಲ್ಲ. ಆರು ತಿಂಗಳಿಗೊಂದು ಚುಚ್ಚುಮದ್ದು ಸಾಕು. ಎಚ್‌ಐವಿ ಇಲ್ಲದವರಿಗೆ ಅದು ಬರದಂತೆ ತಡೆಯಲು 2025ರ ಜೂನಿನಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಅಲ್ಲಿ ಪಟ್ಟಿಬೆಲೆ ವರ್ಷಕ್ಕೆ 28,218 ಡಾಲರ್. ಜೀನ್ ಚಿಕಿತ್ಸೆಯವರು ಮೆಚ್ಚಿದ ಗುಣವನ್ನೇ ಇಲ್ಲಿ ಗುರಿಯಾಗಿ ಹಿಡಿದದ್ದು.

ಬಡ ಮತ್ತು ಕೆಳಮಧ್ಯಮ ಆದಾಯದ 120 ದೇಶಗಳಿಗೆ ಇದರ ಅಗ್ಗದ ರೂಪ ತಯಾರಿಸಲು ಗಿಲಿಯಡ್ 2024ರ ಅಕ್ಟೋಬರಿನಲ್ಲಿ ಆರು ಕಂಪನಿಗಳಿಗೆ ಪರವಾನಗಿ ಕೊಟ್ಟಿತು. ಅವುಗಳಲ್ಲಿ ಎರಡು ಹೈದರಾಬಾದಿನವು: ಡಾ. ರೆಡ್ಡೀಸ್ ಮತ್ತು ಹೆಟೆರೊ. ಒಂದು ವರ್ಷದೊಳಗೆ, 2025ರ ಸೆಪ್ಟೆಂಬರಿನಲ್ಲಿ, ಎರಡೂ ಕಂಪನಿಗಳು ಅಂತಾರಾಷ್ಟ್ರೀಯ ದಾನಿ ಸಂಸ್ಥೆಗಳ ಬೆಂಬಲದೊಂದಿಗೆ 2027ರಿಂದ ವರ್ಷಕ್ಕೆ ಸುಮಾರು 40 ಡಾಲರಿಗೆ ಇದನ್ನು ಕೊಡುವುದಾಗಿ ಪ್ರಕಟಿಸಿದವು. ರಾಮರಾವ್ ಕಾಲದ ಎಝಡ್‌ಟಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. 2005ರಲ್ಲಿ ಪೇಟೆಂಟ್ ಕಾಯ್ದೆ ಬದಲಾದ ಮೇಲೆ ಔಷಧವೆಂಬ ವಸ್ತುವಿಗೇ ಪೇಟೆಂಟ್ ಸಿಗುತ್ತದೆ. ಅಂದು ಬೇರೆ ದಾರಿ ಹುಡುಕಿ ಮಾಡಿದ್ದನ್ನು ಇಂದು ಒಡೆಯನ ಒಪ್ಪಿಗೆ ಪಡೆದು ಮಾಡಬೇಕು. ಯಾವ ದೇಶ ಪಟ್ಟಿಯಲ್ಲಿರಬೇಕು ಎಂಬುದನ್ನೂ ಒಡೆಯನೇ ಹೇಳುತ್ತಾನೆ. ಆದರೂ 28,000 ಎಲ್ಲಿ, 40 ಎಲ್ಲಿ.

ಇಳಿಯದ ಬೆಲೆ

ಅದೇ ಚಿಪ್ಪಿನ ಶಕ್ತಿಯಿಂದ ಮಾಡಿದ ಚಿಕಿತ್ಸೆಯ ಕಡೆ ತಿರುಗಿದರೆ ಲೆಕ್ಕ ತಲೆಕೆಳಗಾಗುತ್ತದೆ. ಥಲಸ್ಸೀಮಿಯಾಕ್ಕೆ ಲೆಂಟಿವೈರಸ್ ವಾಹಕದ ಚಿಕಿತ್ಸೆ ಝಿಂಟೆಗ್ಲೊ 2022ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದಾಗ ಬೆಲೆ 28 ಲಕ್ಷ ಡಾಲರ್. 2023ರ ಡಿಸೆಂಬರಿನಲ್ಲಿ ಕುಡಗೋಲು ಕಣ ರೋಗಕ್ಕೆ ಬಂದ ಲಿಫ್‌ಜೀನಿಯಾಕ್ಕೆ 31 ಲಕ್ಷ ಡಾಲರ್. ಈ ರೋಗಗಳು ಇರುವುದು ಎಲ್ಲಿ? ಮಧ್ಯಭಾರತದ, ತೆಲಂಗಾಣದ ಆದಿವಾಸಿಗಳಲ್ಲಿ, ಚಾಮರಾಜನಗರದ ಸೋಲಿಗರಲ್ಲಿ ಕುಡಗೋಲು ಕಣ ರೋಗವಿದೆ. ಅದನ್ನು ತೊಡೆಯಲು ಕೇಂದ್ರ ಸರ್ಕಾರ 2023ರ ಜುಲೈಯಲ್ಲಿ ಒಂದು ಅಭಿಯಾನವನ್ನೇ ಶುರುಮಾಡಿದೆ. ಅದರ ಕೈಯಲ್ಲಿರುವುದು ತಪಾಸಣೆ, ಸಲಹೆ, ಗುಳಿಗೆ. ಜೀನ್ ಚಿಕಿತ್ಸೆಯಲ್ಲ.

ಗುಳಿಗೆಯಂತೆ ಇದರ ಬೆಲೆ ಏಕೆ ಇಳಿಯುವುದಿಲ್ಲ? ಎಝಡ್‌ಟಿಯ ಅಣು ಎಲ್ಲಿ ಮಾಡಿದರೂ ಒಂದೇ. ಒಂದು ಯಂತ್ರಕ್ಕೆ ಹಾಕಿ ನೋಡಿದರೆ ಸರಿಯೋ ತಪ್ಪೋ ಗೊತ್ತಾಗುತ್ತದೆ, ಮತ್ತೆ ಟನ್ನುಗಟ್ಟಲೆ ಮಾಡಬಹುದು. ವಾಹಕ ಹಾಗಲ್ಲ. ಜೀವಂತ ಕೋಶಗಳಲ್ಲಿ, ನಾಲ್ಕು ಡಿಎನ್‌ಎ ಉಂಗುರಗಳಿಂದ, ಕಂತು ಕಂತಾಗಿ ಬೆಳೆಸಬೇಕು. ಪ್ರತಿ ಕಂತಿನಲ್ಲೂ ಎಲ್ಲಾದರೂ ಪೂರ್ತಿ ವೈರಸ್ಸು ಮರುಹುಟ್ಟು ಪಡೆದಿದೆಯೇ ಎಂದು ನೋಡಬೇಕು. ಆಮೇಲೆ ರೋಗಿಯ ಕಾಂಡಕೋಶ ತೆಗೆದು, ವಾಹಕ ಹಾಕಿ, ಕೀಮೋ ಕೊಟ್ಟು ಮಜ್ಜೆ ಖಾಲಿ ಮಾಡಿ, ಅವನ ಕೋಶವನ್ನು ಅವನಿಗೇ ಮರಳಿ ಕೊಡಬೇಕು. ಒಬ್ಬನಿಗೆ ಮಾಡಿದ್ದು ಇನ್ನೊಬ್ಬನಿಗೆ ಆಗುವುದಿಲ್ಲ. ಹದಿನೈದು ವರ್ಷ ಅವನ ಮೇಲೆ ಕಣ್ಣಿಟ್ಟಿರಬೇಕು. ಹೈದರಾಬಾದ್ ಪಳಗಿದ್ದು ರಿಯಾಕ್ಟರಿನ ವಿದ್ಯೆಯಲ್ಲಿ. ಇದು ಆಸ್ಪತ್ರೆ ಮತ್ತು ಪ್ರಯೋಗಾಲಯ ಒಂದೇ ಸೂರಿನಡಿ ಬೇಡುವ ವಿದ್ಯೆ.

ಆದ್ದರಿಂದ ಭಾರತದಲ್ಲಿ ಇದು ಮೊಳೆತದ್ದು ಆಸ್ಪತ್ರೆಗಳ ಪಕ್ಕದಲ್ಲಿ. ವೆಲ್ಲೂರಿನ ಸಿಎಂಸಿಯಲ್ಲಿರುವ ಕಾಂಡಕೋಶ ಸಂಶೋಧನಾ ಕೇಂದ್ರ ಬೆಂಗಳೂರಿನ ಇನ್‌ಸ್ಟೆಮ್‌ನ ಅಂಗ. ಅಲ್ಲಿ ಅಲೋಕ್ ಶ್ರೀವಾಸ್ತವ ಮತ್ತು ಸಂಗಡಿಗರು, ಅಮೆರಿಕದ ಎಮರಿ ವಿಶ್ವವಿದ್ಯಾಲಯದವರ ಜೊತೆ ಸೇರಿ, ತೀವ್ರ ಹಿಮೋಫಿಲಿಯಾ ಇದ್ದ ಐವರಿಗೆ ಲೆಂಟಿವೈರಸ್ ವಾಹಕದ ಚಿಕಿತ್ಸೆ ಕೊಟ್ಟರು. ಕನ್ನಡದಲ್ಲಿ ಕುಸುಮ ರೋಗ ಎನ್ನುವ, ಗಾಯವಾದರೆ ರಕ್ತ ಹೆಪ್ಪುಗಟ್ಟದ ರೋಗ ಅದು. ಐವರೂ 22ರಿಂದ 41 ವಯಸ್ಸಿನವರು. 2024ರ ಡಿಸೆಂಬರಿನಲ್ಲಿ ಪ್ರಕಟವಾದ ವರದಿಯಂತೆ, ಎಲ್ಲರದನ್ನೂ ಕೂಡಿಸಿದರೆ 81 ತಿಂಗಳ ನಿಗಾವಣೆಯಲ್ಲಿ ವಾರ್ಷಿಕ ರಕ್ತಸ್ರಾವದ ಪ್ರಮಾಣ ಸೊನ್ನೆ. ಐದು ಜನ ಸಣ್ಣ ಸಂಖ್ಯೆ. ಆದರೆ ದಾವಣಗೆರೆಯ ಹಿಮೋಫಿಲಿಯಾ ಸೊಸೈಟಿಯಂಥ ಕಡೆ ಫ್ಯಾಕ್ಟರ್ ಚುಚ್ಚುಮದ್ದಿಗಾಗಿ ಬಂದು ಹೋಗುವವರಿಗೆ ಈ ಸೊನ್ನೆಯ ಬೆಲೆ ಗೊತ್ತು.

ಮುಂಬೈಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯಿಂದ ಹೊರಟ ನೆಕ್ಸ್‌ಕಾರ್19 ಎಂಬ ಕ್ಯಾನ್ಸರ್ ಚಿಕಿತ್ಸೆಯೂ ಲೆಂಟಿವೈರಸ್ ವಾಹಕದ್ದೇ. ವಾಹಕವನ್ನೂ ಇಲ್ಲೇ ತಯಾರಿಸಿದ್ದರಿಂದ, 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಾಗ ಅದರ ಬೆಲೆ ಸುಮಾರು 40 ಲಕ್ಷ ರೂಪಾಯಿ. ಅಮೆರಿಕದಲ್ಲಿ ಇಂಥದ್ದಕ್ಕೆ ಮೂರು ಕೋಟಿಗೂ ಮೇಲೆ. ಹತ್ತರಲ್ಲಿ ಒಂದು ಪಾಲು ಎಂದರೆ ದೊಡ್ಡ ಇಳಿತವೇ. ಆದರೂ 40 ಲಕ್ಷ 40 ಲಕ್ಷವೇ. ಮನೆ ಮಾರಿ ತರುವ ದುಡ್ಡು ಅದು, ಗುಳಿಗೆಯ ದುಡ್ಡಲ್ಲ.

ಇಲ್ಲಿಂದ ಮುಂದೆ ಏನು ಆಗಬೇಕು ಎಂಬುದಕ್ಕೆ ಎಝಡ್‌ಟಿಯ ಇತಿಹಾಸ ಒಂದಿಷ್ಟು ಹೇಳುತ್ತದೆ. ಬೆಲೆ ಇಳಿದದ್ದು ಯಾರೋ ಒಬ್ಬರ ಔದಾರ್ಯದಿಂದಲ್ಲ. ಸಾರ್ವಜನಿಕ ಪ್ರಯೋಗಾಲಯದಲ್ಲಿ ವಿಧಾನ ಹುಟ್ಟಿತು, ಅದಕ್ಕೆ ಒತ್ತಾಸೆಯಾಗಿ ಕಾನೂನು ಇತ್ತು, ಮಾಡಿ ಮಾರಲು ತಯಾರಿದ್ದ ಕಂಪನಿ ಇತ್ತು. ನಂತರದ ವರ್ಷಗಳಲ್ಲಿ ಸರ್ಕಾರವೇ ಕೊಂಡು ಉಚಿತವಾಗಿ ಹಂಚಿತು. 2004ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಔಷಧ ಉಚಿತ. ಜೀನ್ ಚಿಕಿತ್ಸೆಗೆ 2019ರಲ್ಲಿ ಬಂದ ರಾಷ್ಟ್ರೀಯ ಮಾರ್ಗಸೂಚಿ ಸುರಕ್ಷತೆಯ ದಾರಿ ಹಾಕಿದೆ. ದೇಶದೊಳಗೆ ವಾಹಕ ಬೆಳೆಸುವ ಸಾರ್ವಜನಿಕ ಕೇಂದ್ರಗಳು, ಅದನ್ನು ಕೊಳ್ಳುವ ಸರ್ಕಾರ, ಹದಿನೈದು ವರ್ಷ ರೋಗಿಯನ್ನು ಮರೆಯದ ಆಸ್ಪತ್ರೆ, ಇವು ಮೂರೂ ಆಗದೆ ಬೆಲೆ ತಾನಾಗಿ ಇಳಿಯದು.

ಹೈದರಾಬಾದಿನ ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ಸೊಸೈಟಿಗೆ ಮಕ್ಕಳು ಬರುತ್ತಲೇ ಇದ್ದಾರೆ. ಥಲಸ್ಸೀಮಿಯಾದ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು. ರಕ್ತದ ಜೊತೆ ಮೈಯಲ್ಲಿ ಕೂಡುವ ಕಬ್ಬಿಣ ತೆಗೆಯಲು ಔಷಧ ಬೇಕು. ಅವರ ಮಜ್ಜೆಯೊಳಗೆ ವಿರಾಮದಲ್ಲಿರುವ ಕಾಂಡಕೋಶಗಳ ಗೋಡೆಯನ್ನು ದಾಟುವ ಬಗೆ 1996ರಿಂದಲೇ ಗೊತ್ತಿದೆ. ಅದೇ ಊರಿನ ಕಾರ್ಖಾನೆಗಳು 2027ಕ್ಕೆ ಅದೇ ವೈರಸ್ಸಿನ ಚಿಪ್ಪನ್ನು ಬಿಗಿಯುವ ಚುಚ್ಚುಮದ್ದನ್ನು ವರ್ಷಕ್ಕೆ 40 ಡಾಲರಿನಂತೆ ಜಗತ್ತಿಗೆ ಕಳಿಸಲು ಅಣಿಯಾಗುತ್ತಿವೆ.